ಎರಡು ಊರಿನ ಒಂದು ಮಂಗಳವಾರ

2025ರ ಫೆಬ್ರವರಿಯಲ್ಲಿ ಒಂದು ರಾತ್ರಿ ಒಂಬತ್ತು ಗಂಟೆಗೆ ನಮ್ಮವರು ಆಫೀಸಿನಿಂದ ಬಂದರು. ಮಗಳು ಆಗಲೇ ಮಲಗಿದ್ದಳು. ಶೂ ಬಿಚ್ಚುತ್ತಲೇ, "ಜರ್ಮನಿಗೆ ಹೋಗ್ತೀರಾ ಅಂತ ಕೇಳ್ತಿದ್ದಾರೆ" ಅಂದರು. ನಾನು ಸಾರು ಬಿಸಿ ಮಾಡುತ್ತಿದ್ದೆ. "ಎಷ್ಟು ದಿನಕ್ಕೆ?" ಅಂದೆ. ಎರಡು ವಾರ, ಮೂರು ವಾರ ಹೋಗಿ ಬರುವುದು ಅವರಿಗೆ ಹೊಸದೇನಲ್ಲ. "ದಿನಕ್ಕಲ್ಲ. ಸಂಸಾರ ಸಮೇತ. ಅಲ್ಲೇ ಕೆಲಸ" ಅಂದರು. ಸಾರು ಉಕ್ಕಿ ಒಲೆ ಮೇಲೆ ಚೆಲ್ಲಿತು.

ನಾವು ಇರುವುದು ಬೆಂಗಳೂರಿನ ಬನಶಂಕರಿಯಲ್ಲಿ. ಇವರು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ನಾನು ಹನ್ನೊಂದು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ಮಗಳಿಗೆ ಆಗ ಎಂಟು ವರ್ಷ. ಅತ್ತೆ, ಮಾವ ತಿಪಟೂರಿನ ಹತ್ತಿರ ಹಳ್ಳಿಯಲ್ಲಿದ್ದಾರೆ. ಎರಡು ಎಕರೆ ತೆಂಗಿನ ತೋಟ, ಒಂದು ಹಳೇ ಮನೆ. ಮೂರು ವಾರಕ್ಕೊಮ್ಮೆ ನಾವು ಹೋಗಿ ಬರುತ್ತೇವೆ.

ಕೆಲಸ ಇದ್ದದ್ದು ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್ ಊರಿನಲ್ಲಿ. ವರ್ಷಕ್ಕೆ 68,000 ಯೂರೊ. ವಾರಕ್ಕೆ 35 ಗಂಟೆ ಕೆಲಸ, ವರ್ಷಕ್ಕೆ 30 ದಿನ ರಜೆ. ಆ ಭಾಗದ ಕಾರ್ಖಾನೆಗಳಲ್ಲಿ ಕಾರ್ಮಿಕ ಸಂಘದ ಒಪ್ಪಂದದಿಂದಾಗಿ 35 ಗಂಟೆಯ ವಾರ ಎಷ್ಟೋ ವರ್ಷದಿಂದ ಇದೆಯಂತೆ. ಇವರು ಆಗ ಇಲ್ಲಿ ಮೂರೇ ದಿನದಲ್ಲಿ ಅಷ್ಟು ಹೊತ್ತು ಮನೆಯಿಂದ ಹೊರಗಿರುತ್ತಿದ್ದರು.

ಗಣಿತದ ಟೀಚರ್ ಅಲ್ವಾ, ನಾನು ಮೊದಲು ಮಾಡಿದ್ದು ಗುಣಾಕಾರ. ಆಗ ಯೂರೊಗೆ 90 ರೂಪಾಯಿ ಆಸುಪಾಸು. 61 ಲಕ್ಷ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆ ಸಾಲ ಎರಡೇ ವರ್ಷಕ್ಕೆ ತೀರಿಹೋಗುತ್ತೆ ಅಂತ ಲೆಕ್ಕ ಹಾಕಿದೆ. ಹೊರಡುವ ಯೋಚನೆ ಬಂದವರೆಲ್ಲ ಮಾಡುವ ಮೊದಲ ತಪ್ಪು ಇದೇ ಅಂತ ಈಗ ಅನ್ನಿಸುತ್ತೆ. ಅಲ್ಲಿ ದುಡಿದು ಇಲ್ಲಿ ಉಂಡರೆ ಮಾತ್ರ ಆ ಗುಣಾಕಾರ ಸರಿ. ಅಲ್ಲೇ ದುಡಿದು ಅಲ್ಲೇ ಉಣ್ಣುವವರು ಮಾಡಬೇಕಾದ್ದು ವ್ಯವಕಲನ.

ಆಮೇಲೆ ಅದನ್ನೂ ಮಾಡಿದೆ. ತೆರಿಗೆ, ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ ಎಲ್ಲಾ ಕಳೆದು, ಹೆಂಡತಿಗೆ ಸಂಪಾದನೆ ಇಲ್ಲ ಅನ್ನುವ ಲೆಕ್ಕದಲ್ಲಿ ತಿಂಗಳಿಗೆ ಕೈಗೆ ಬರುವುದು ಸುಮಾರು 3,900 ಯೂರೊ. ಮೂರು ಕೋಣೆ ಮನೆಗೆ, ಚಳಿಗಾಲದ ಬಿಸಿ ಖರ್ಚೂ ಸೇರಿ, ನಮಗೆ ಸಿಕ್ಕ ಅಂದಾಜು 1,500. ದಿನಸಿ 600. ದೇಶವಿಡೀ ಬಸ್ಸು, ಲೋಕಲ್ ರೈಲಿನಲ್ಲಿ ಓಡಾಡುವ ಪಾಸು ಆಗ ಒಬ್ಬರಿಗೆ 58, ಇಬ್ಬರಿಗೆ 116. ಕರೆಂಟು, ಫೋನು, ಸಣ್ಣಪುಟ್ಟ ವಿಮೆ ಸೇರಿ 200. ರೇಡಿಯೊ, ಟೀವಿ ನೋಡಲಿ ಬಿಡಲಿ, ಮನೆಗೆ ಇಷ್ಟು ಅಂತ ತಿಂಗಳಿಗೆ 18.36 ಯೂರೊ ಕಟ್ಟಬೇಕು, ಅದೂ ಇದರಲ್ಲೇ. ಇಲ್ಲಿನ ಮನೆ ಸಾಲದ ಕಂತು, ಅತ್ತೆ ಮಾವನ ಔಷಧಿ, ವರ್ಷಕ್ಕೊಮ್ಮೆ ಮೂವರು ಊರಿಗೆ ಬಂದುಹೋಗುವ ಟಿಕೆಟ್ಟು. ಮಗುವಿಗೆ ಅಂತ ಅಲ್ಲಿನ ಸರ್ಕಾರ ಆಗ ಕೊಡುತ್ತಿದ್ದ 255 ಯೂರೊ ಸೇರಿಸಿದರೂ ಉಳಿದದ್ದು ಹತ್ತಿರ ಹತ್ತಿರ 900. ಇಲ್ಲಿ ನಮ್ಮಿಬ್ಬರ ಸಂಬಳದಲ್ಲಿ ಉಳಿಯುವುದಕ್ಕಿಂತ ತಿಂಗಳಿಗೆ ಇಪ್ಪತ್ತು ಸಾವಿರದಷ್ಟು ಜಾಸ್ತಿ, ಅಷ್ಟೇ. ಸ್ಕೂಲಿಗೆ ಫೀಸಿಲ್ಲ, ಕಾಯಿಲೆ ಬಿದ್ದರೆ ಆಸ್ಪತ್ರೆ ಬಿಲ್ಲಿನ ಭಯ ಇಲ್ಲ ಅನ್ನುವುದು ದೊಡ್ಡದೇ. ಆದರೆ 61 ಲಕ್ಷದ ಮಂಕು ಅಲ್ಲಿಗೆ ಇಳಿಯಿತು. ಬರೀ ದುಡ್ಡಿಗಾಗಿ ಹೋಗುವುದಾದರೆ ಹೋಗಬೇಕಿಲ್ಲ ಅಂತ ಇಬ್ಬರಿಗೂ ಅರ್ಥವಾಯಿತು. ಹಾಗಾದರೆ ಯಾವುದಕ್ಕೆ ಹೋಗೋದು?

ಮಾರ್ಚ್‌ನಲ್ಲಿ ಇವರು ಎರಡು ವಾರ ಅಲ್ಲಿಗೆ ಹೋಗಿದ್ದರು. ಕೆಲಸದ ಜೊತೆ ಊರು ನೋಡಿಕೊಂಡು ಬರುವುದು ಅಂತ ಮಾತಾಗಿತ್ತು. ಒಂದು ಶನಿವಾರ ಬಾಡಿಗೆ ಮನೆ ನೋಡಲು ಹೋಗಿ ಅಲ್ಲಿಂದಲೇ ವೀಡಿಯೊ ಕಾಲ್ ಮಾಡಿದರು. ನಾವು ಆವತ್ತು ತಿಪಟೂರಿನಲ್ಲಿದ್ದೆವು. ಅತ್ತೆಯೂ ನನ್ನ ಪಕ್ಕ ಕೂತು ನೋಡುತ್ತಿದ್ದರು. ದೊಡ್ಡ ಕಿಟಕಿ, ಮರದ ನೆಲ, ಹೊರಗೆ ದ್ರಾಕ್ಷಿ ತೋಟದ ಗುಡ್ಡ. ಆಮೇಲೆ ಅಡುಗೆಮನೆ ಅಂತ ಒಂದು ಕೋಣೆ ತೋರಿಸಿದರು. ನಾಲ್ಕು ಬರೀ ಗೋಡೆ. ಒಂದು ಮೂಲೆಯಲ್ಲಿ ನೀರಿನ ಪೈಪಿನ ಬಾಯಿ, ಗೋಡೆಯಿಂದ ಹೊರಗೆ ಬಂದ ಎರಡು ವೈರು. ಕಟ್ಟೆ ಇಲ್ಲ, ಸಿಂಕ್ ಇಲ್ಲ. "ಒಲೆ ಎಲ್ಲಮ್ಮ ಇಡೋದು?" ಅಂದರು ಅತ್ತೆ. ಎಷ್ಟೋ ಮನೆಗಳನ್ನು ಅಲ್ಲಿ ಹೀಗೇ ಬಾಡಿಗೆಗೆ ಕೊಡುತ್ತಾರೆ. ಬಿಟ್ಟುಹೋಗುವವರು ಕಟ್ಟೆ, ಸಿಂಕು, ಒಲೆ ಎಲ್ಲಾ ಕಿತ್ತುಕೊಂಡು ಹೋಗುತ್ತಾರೆ. ಬರುವವರು ಹೊಸದಾಗಿ ಹಾಕಿಸಿಕೊಳ್ಳಬೇಕು. ಮೂರು ತಿಂಗಳ ಬಾಡಿಗೆ ಅಡ್ವಾನ್ಸ್ ಜೊತೆಗೆ ಅಡುಗೆಮನೆಯನ್ನೇ ಕೊಂಡುಕೊಳ್ಳಬೇಕು ಅನ್ನುವುದು ನಮ್ಮ ಲೆಕ್ಕದಲ್ಲಿ ಇರಲೇ ಇಲ್ಲ.

ಪಕ್ಕದ ಮನೆಯ ಬಾಗಿಲಿಗೆ ಒಂದು ಸಣ್ಣ ಫಲಕ ನೇತುಹಾಕಿತ್ತು. ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಆ ಮನೆಯವರದು ಅಂತ. ವಾರ ಮುಗಿದ ಮೇಲೆ ಫಲಕ ಮುಂದಿನ ಬಾಗಿಲಿಗೆ. ಆ ಸೀಮೆಯ ಹಳೇ ಪದ್ಧತಿಯಂತೆ. ಅತ್ತೆಗೆ ಅದು ಬಹಳ ಹಿಡಿಸಿತು. "ಒಳ್ಳೇ ಜನ ಕಣಮ್ಮ" ಅಂದರು.

ಅದೇ ಕಾಲ್‌ನಲ್ಲಿ ಇವರು ರಸ್ತೆಗೆ ಇಳಿದು ಫೋನು ತಿರುಗಿಸಿದರು. ನಮ್ಮ ಮಗಳ ವಯಸ್ಸಿನ ಮೂವರು ಮಕ್ಕಳು, ದೊಡ್ಡವರು ಯಾರೂ ಜೊತೆಗಿಲ್ಲದೆ, ಜೀಬ್ರಾ ಗೆರೆಯ ಹತ್ತಿರ ನಿಂತರು. ಕಾರು ನಿಂತಿತು. ಮಕ್ಕಳು ದಾಟಿದರು. ಅಷ್ಟೇ. ನಾನು ಫೋನು ಹಿಡಿದುಕೊಂಡು ಅತ್ತುಬಿಟ್ಟೆ. ನಮ್ಮ ಮನೆಯಿಂದ ಪಾರ್ಕು ಇನ್ನೂರು ಮೀಟರ್ ಇಲ್ಲ. ಮಗಳನ್ನು ಒಬ್ಬಳೇ ಕಳಿಸಿದ್ದು ಒಂದು ದಿನವೂ ಇಲ್ಲ. ಫುಟ್‌ಪಾತ್ ಮೇಲೆ ಬೈಕು ಬರುತ್ತೆ, ಚಪ್ಪಡಿ ಎದ್ದಿರುತ್ತೆ. ಆ ನಿಮಿಷದಲ್ಲಿ ಯಾರಾದರೂ ಕಾಗದ ಕೊಟ್ಟಿದ್ದರೆ ಅಲ್ಲೇ ಸಹಿ ಹಾಕಿಬಿಡುತ್ತಿದ್ದೆ.

ಇವರು ವಾಪಸ್ ಬಂದ ಮೇಲೆ ಅಲ್ಲಿರುವ, ಅಲ್ಲಿ ಇದ್ದು ಬಂದಿರುವ ಕನ್ನಡದವರನ್ನು ಕೇಳಲು ಶುರು ಮಾಡಿದೆವು. ಮೂರು ಮನೆಯವರು ಸಿಕ್ಕರು. "ಹೇಗಿದೆ ಜೀವನ?" ಅಂದರೆ ಎಲ್ಲರೂ "ಚೆನ್ನಾಗಿದೆ" ಅನ್ನುವವರೇ. ನಾವೂ ಯಾರಾದರೂ ಕೇಳಿದರೆ ಹಾಗೇ ಹೇಳುತ್ತೇವೆ, ಅಲ್ವಾ? ಒಂಬತ್ತು ವರ್ಷದಿಂದ ಸ್ಟುಟ್‌ಗಾರ್ಟ್‌ನಲ್ಲಿರುವ ಒಬ್ಬ ಹೆಂಗಸಿನ ಜೊತೆ ಮಾತಾಡುವಾಗ, ಏನು ಕೇಳಬೇಕೋ ತೋಚದೆ, "ನಿನ್ನೆ ಏನೇನ್ ಮಾಡಿದ್ರಿ?" ಅಂತ ಕೇಳಿಬಿಟ್ಟೆ. ಅವತ್ತು ಬುಧವಾರ. ಅವರು ಮಂಗಳವಾರದ ಕಥೆ ಹೇಳಿದರು. ಬೆಳಿಗ್ಗೆ ಏಳೂವರೆಗೆ ಮಗ ನಡೆದುಕೊಂಡೇ ಸ್ಕೂಲಿಗೆ ಹೋದದ್ದು, ತಾವು ಶಿಶುವಿಹಾರಕ್ಕೆ ಕೆಲಸಕ್ಕೆ ಹೋದದ್ದು, ಸಂಜೆ ಗಂಡ ಐದು ಗಂಟೆಗೇ ಬಂದು ಎಲ್ಲರೂ ಸೈಕಲ್‌ನಲ್ಲಿ ನದಿ ಕಡೆ ಹೋದದ್ದು. ಇಲ್ಲಿದ್ದಾಗ ಅವರು ಬ್ಯಾಂಕಿನಲ್ಲಿ ಆಫೀಸರ್. ಶಿಶುವಿಹಾರದ ಕೆಲಸಕ್ಕೆ ಬರಲು ಭಾಷೆ ಕಲಿಕೆಗೇ ಮೂರು ವರ್ಷ ಹೋಯಿತಂತೆ. "ಆ ಮೂರು ವರ್ಷದ ಮಂಗಳವಾರ ಹೇಗಿತ್ತು?" ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದನ್ನ ಯಾರೂ ಕೇಳಿರ್ಲಿಲ್ಲ" ಅಂದರು. ಕಿಟಕಿ ಹತ್ತಿರ ಕೂತು ಎದುರು ಮನೆ ಅಜ್ಜಿ ನಾಯಿ ಕರೆದುಕೊಂಡು ಹೋಗುವುದನ್ನೇ ಕಾಯುತ್ತಿದ್ದರಂತೆ. ಅಜ್ಜಿ ಹಿಂತಿರುಗಿದರೆ ನಾಲ್ಕು ಗಂಟೆ ಅಂತ ಅರ್ಥ, ಮಗ ಬರುವ ಹೊತ್ತು.

ಆಮೇಲೆ ಎಲ್ಲರಿಗೂ ಇದೊಂದೇ ಪ್ರಶ್ನೆ ಕೇಳಿದೆ. ಮ್ಯೂನಿಕ್‌ನಲ್ಲಿ ನಾಲ್ಕು ವರ್ಷ ಇದ್ದು ಮೈಸೂರಿಗೆ ವಾಪಸ್ ಬಂದವರು, ತಾವು ಬಂದದ್ದು ಅಪ್ಪನ ಕಾಯಿಲೆಗಾಗಿ, ಆದರೆ ಮಕ್ಕಳು ಇನ್ನೂ ಅಲ್ಲಿನ ಮಂಗಳವಾರವನ್ನೇ ನೆನೆಸಿಕೊಳ್ಳುತ್ತಾರೆ ಅಂದರು. ಇಲ್ಲಿನ ಸ್ಕೂಲು ಮುಗಿಯುವ ಹೊತ್ತಿಗೆ ಅಲ್ಲಿ ಅವರು ಕಾಡಿನಲ್ಲಿ ಆಡಿ ಮನೆಗೆ ಬಂದಿರುತ್ತಿದ್ದರಂತೆ.

ಏಪ್ರಿಲ್ ಪೂರ್ತಿ ಕಾಗದಪತ್ರದ ಓಡಾಟ. ಬ್ಲೂ ಕಾರ್ಡ್ ಅನ್ನುವ ಪರವಾನಗಿಗೆ ಸಾಮಾನ್ಯವಾಗಿ ಪದವಿ ಬೇಕು, ಮತ್ತೆ 2025ರಲ್ಲಿ ವರ್ಷಕ್ಕೆ ಕನಿಷ್ಠ 48,300 ಯೂರೊ ಸಂಬಳ ಬೇಕಿತ್ತು. ಅದರಲ್ಲಿ ನಮಗೆ ತೊಂದರೆ ಇರಲಿಲ್ಲ. ತೊಂದರೆ ಆದದ್ದು ಮದುವೆಗೆ! 2013ರಲ್ಲಿ ಛತ್ರದಲ್ಲಿ ಮದುವೆಯಾದೆವು, ನೋಂದಣಿ ಮಾಡಿಸಿರಲೇ ಇಲ್ಲ. ಲಗ್ನಪತ್ರಿಕೆ, ತಾಳಿ ಕಟ್ಟುವ ಫೋಟೊ, ಸಾಕ್ಷಿಗಳು ಎಲ್ಲಾ ಕರೆದುಕೊಂಡು ಉಪನೋಂದಣಿ ಕಚೇರಿಗೆ ಹೋದೆವು. ಮಗಳ ಜನನ ಪತ್ರದಲ್ಲಿ ಇವರ ಹೆಸರಿಗೆ ಬರೀ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ. ಅದನ್ನು ಸರಿ ಮಾಡಿಸಲು ಮೂರು ಸಲ ಅಲೆದೆವು. ಹೋಗಲಿ ಬಿಡಲಿ, ಈ ಎರಡು ಕಾಗದ ಪ್ರತಿ ಮನೆಯವರೂ ಸರಿ ಮಾಡಿಟ್ಟುಕೊಳ್ಳುವುದು ಒಳ್ಳೇದು.

ನಾನು ಫೆಬ್ರವರಿ ಕೊನೆಯಿಂದಲೇ ವಾರಾಂತ್ಯದ ಜರ್ಮನ್ ತರಗತಿಗೆ ಸೇರಿದ್ದೆ. ಅದಕ್ಕೆ ಕಾರಣ ಮಾವ. ಅವರು ನಿವೃತ್ತ ಕನ್ನಡ ಮೇಷ್ಟ್ರು. ಎಸ್ಲಿಂಗೆನ್ ಅನ್ನುವ ಹೆಸರು ಕೇಳಿದ ತಕ್ಷಣ ಎದ್ದು ಕೂತರು. "ಮೊಗ್ಲಿಂಗ್ ತೀರಿಕೊಂಡ ಊರಲ್ವೇನಮ್ಮ ಅದು!" ಅಂದರು. 1843ರಲ್ಲಿ 'ಮಂಗಳೂರ ಸಮಾಚಾರ' ಅಂತ ಕನ್ನಡದ ಮೊದಲ ಪತ್ರಿಕೆ ತೆಗೆದ ಹರ್ಮನ್ ಮೊಗ್ಲಿಂಗ್ ಕೊನೆಗಾಲ ಕಳೆದದ್ದು ಅಲ್ಲೇ. ಕನ್ನಡಕ್ಕೆ ದೊಡ್ಡ ನಿಘಂಟು ಮಾಡಿಕೊಟ್ಟ ಕಿಟೆಲ್ ತೀರಿಕೊಂಡ ಟ್ಯೂಬಿಂಗನ್ ಕೂಡ ಅಲ್ಲಿಗೆ ದೂರವಿಲ್ಲ. ಕಿಟೆಲ್ ಇಲ್ಲಿಗೆ ಬಂದದ್ದು 1853ರಲ್ಲಿ, ನಿಘಂಟು ಅಚ್ಚಾದದ್ದು 1894ರಲ್ಲಿ. ಮಾವ ಇದನ್ನೆಲ್ಲ ಹೇಳಿ, "ಅವರು ಬಂದು ನಮ್ಮ ಭಾಷೆ ಕಲಿತರು. ನೀನು ಹೋಗೋದಾದ್ರೆ ಇಲ್ಲಿಂದಲೇ ಕಲಿತು ಹೋಗಮ್ಮ. ಮೂಕಳಾಗಿ ಹೋಗಬೇಡ" ಅಂದರು. ಬ್ಲೂ ಕಾರ್ಡ್ ಇರುವವರ ಹೆಂಡತಿಗೆ ಜರ್ಮನ್ ಪರೀಕ್ಷೆ ಕಡ್ಡಾಯ ಇಲ್ಲ, ಹೋದ ತಕ್ಷಣ ಕೆಲಸ ಮಾಡಲೂ ಅನುಮತಿ ಇದೆ. ಕಾನೂನಿಗೆ ಬೇಕಿಲ್ಲದಿದ್ದರೂ ಮಾವನ ಮಾತಿಗೆ ಸೇರಿದೆ.

ಕನ್ನಡದಲ್ಲಿ ಮೇಜು, ದೀಪ, ಪುಸ್ತಕ ಎಲ್ಲಾ ‘ಅದು’. ಅಲ್ಲಿ ಮೇಜು ಗಂಡು, ದೀಪ ಹೆಣ್ಣು, ಪುಸ್ತಕ ಎರಡೂ ಅಲ್ಲ. ಅದನ್ನು ಬಾಯಿಪಾಠ ಮಾಡಬಹುದು. ನನ್ನನ್ನು ನಿಲ್ಲಿಸಿದ್ದು ಅಂಕಿ. 47 ಅನ್ನಲು ಅವರು ‘ಏಳು ಮತ್ತು ನಲವತ್ತು’ ಅನ್ನುತ್ತಾರೆ, ಸೀಬೆನ್-ಉಂಡ್-ಫಿಯರ್‌ಟ್ಸಿಗ್. ಒಬ್ಬರು ಫೋನ್ ನಂಬರ್ ಹೇಳುತ್ತಾ ಹೋದರೆ ನಾನು ಪ್ರತಿ ಸಲ 47ನ್ನು 74 ಬರೆಯುತ್ತಿದ್ದೆ. ಮೂರೂವರೆ ಬರೆಯಲು 3,5. ನಾವು ಚುಕ್ಕಿ ಇಡುವಲ್ಲಿ ಅವರು ಅಲ್ಪವಿರಾಮ ಇಡುತ್ತಾರೆ. ಭಾಗಾಕಾರಕ್ಕೆ ಎರಡು ಚುಕ್ಕಿ, ಗುಣಾಕಾರಕ್ಕೆ ಒಂದು ಚುಕ್ಕಿ. ಹನ್ನೊಂದು ವರ್ಷ ಕರಿಹಲಗೆ ಮೇಲೆ ಯೋಚನೆ ಮಾಡದೆ ಬರೆಯುತ್ತಿದ್ದ ಕೈ ಅಲ್ಲಿ ಒಂದನೇ ಕ್ಲಾಸಿನ ಕೈ ಆಯಿತು. ಆದರೂ ಮೇ ತಿಂಗಳಲ್ಲಿ ಎ1 ಪರೀಕ್ಷೆ ಪಾಸಾದೆ. ಭಾಷೆಯ ಮಟ್ಟ ಎ1, ಎ2, ಬಿ1, ಬಿ2, ಸಿ1 ಅಂತ ಏರುತ್ತಾ ಹೋಗುತ್ತೆ, ಇದು ಮೊದಲ ಮೆಟ್ಟಿಲು.

ಆಫರ್ ಲೆಟರ್ ಬಂದದ್ದೂ ಮೇ ತಿಂಗಳಲ್ಲೇ. ಜೂನ್ 30ರೊಳಗೆ ಉತ್ತರ ಹೇಳಬೇಕಿತ್ತು.

ಮಗಳ ಸ್ಕೂಲಿನ ವಿಷಯ ನಾವು ತುಂಬಾ ಕೂತು ಓದಿದೆವು. ಎಸ್ಲಿಂಗೆನ್ ಇರುವ ರಾಜ್ಯದಲ್ಲಿ ಪ್ರಾಥಮಿಕ ಶಾಲೆ ನಾಲ್ಕೇ ವರ್ಷ. ನಾಲ್ಕನೇ ತರಗತಿಯ ನಡುವಿಗೇ ಶಿಕ್ಷಕರು ಶಿಫಾರಸು ಬರೆಯುತ್ತಾರೆ. ಈ ಮಗು ವಿಶ್ವವಿದ್ಯಾಲಯದ ದಾರಿ ಹಿಡಿಯುವ ಗಿಮ್ನಾಸಿಯಂ ಶಾಲೆಗೋ, ಕಸುಬಿನ ಕಡೆ ತಿರುಗುವ ಶಾಲೆಗೋ ಅಂತ. ನಮ್ಮ ಮಗಳು ಹೋಗುವ ಹೊತ್ತಿಗೆ ಮೂರನೇ ತರಗತಿ. ಒಂದೂವರೆ ವರ್ಷದೊಳಗೆ ಹೊಸ ಭಾಷೆ ಕಲಿತು, ಆ ಭಾಷೆಯಲ್ಲೇ ಓದಿ ತೋರಿಸಬೇಕು. ಭಾಷೆ ಬಾರದ ಮಕ್ಕಳಿಗೆ ಬೇರೆ ತಯಾರಿ ತರಗತಿ ಇದೆ, ಮುಂದೆ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಲೂ ದಾರಿ ಇದೆ. ಎಂಟು ವರ್ಷದ ಮಕ್ಕಳು ಭಾಷೆ ಬೇಗ ಹಿಡಿಯುತ್ತಾರೆ ಅನ್ನುವುದೂ ನಿಜ. ಆದರೆ ನಾನು ಟೀಚರ್. ಭಾಷೆ ಬಾರದ ಮಗು ಕ್ಲಾಸಿನಲ್ಲಿ ಹೇಗೆ ಕೂರುತ್ತೆ ಅಂತ ನೋಡಿದ್ದೇನೆ. ಬಿಹಾರದಿಂದ ಬಂದ ಒಬ್ಬ ಹುಡುಗ ನನ್ನ ಎಂಟನೇ ಕ್ಲಾಸಿನಲ್ಲಿ ನಾಲ್ಕು ತಿಂಗಳು ಒಂದು ಮಾತೂ ಆಡಿರಲಿಲ್ಲ. ಲೆಕ್ಕದಲ್ಲಿ ಅವನೇ ಮುಂದೆ ಅಂತ ಗೊತ್ತಾಗಿದ್ದು ಐದನೇ ತಿಂಗಳಲ್ಲಿ.

ಅತ್ತೆ ಮಾವನನ್ನು ಕರೆದುಕೊಂಡು ಹೋಗಬಹುದಾ ಅಂತಲೂ ವಿಚಾರಿಸಿದೆವು. 2024ರ ಮಾರ್ಚ್ 1ರ ನಂತರ ಮೊದಲ ಬಾರಿ ಪರವಾನಗಿ ಪಡೆದ ಕುಶಲ ಕೆಲಸಗಾರರು ತಂದೆ ತಾಯಿಯನ್ನೂ ಕರೆಸಿಕೊಳ್ಳಬಹುದು ಅಂತ ಅಲ್ಲಿನ ಕಾನೂನು ಬದಲಾಗಿದೆ. ಓದಿದಾಗ ಎಷ್ಟು ಖುಷಿಯಾಯಿತು! ಆದರೆ ಅವರ ಖರ್ಚೂ, ಆರೋಗ್ಯ ವಿಮೆಯೂ ನಮ್ಮದೇ. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ ಅತ್ತೆಗೆ ವಿಮೆ ಸಿಗುವುದೇ ಕಷ್ಟ, ಸಿಕ್ಕರೂ ನಮ್ಮ ಕೈಗೆ ಎಟುಕುವಂಥದ್ದಲ್ಲ. ಇಷ್ಟೆಲ್ಲ ನಾವು ಮಾತಾಡುವಾಗ ಅತ್ತೆ ಕೊಬ್ಬರಿ ಆರಿಸುತ್ತಾ ಕೂತಿದ್ದರು. "ನನ್ನನ್ನ ಕೇಳಿದ್ರಾ ಯಾರಾದ್ರೂ, ಬರ್ತೀನಾ ಅಂತ?" ಅಂದರು. ನಿಜ, ಕೇಳಿರಲಿಲ್ಲ.

ಅತ್ತೆಯ ಆ ಮಾತೇ ನನ್ನ ತಲೆಯಲ್ಲಿ ಉಳಿಯಿತು. ಬೆಂಗಳೂರಿಗೆ ಬಂದ ಮೇಲೆ ಮಗಳ ಹಳೇ ನೋಟ್‌ಬುಕ್ ತೆಗೆದುಕೊಂಡು ಮನೆಯವರೆಲ್ಲರ ಮಂಗಳವಾರ ಬರೆಯೋಣ ಅಂದೆ. ಪ್ರತಿಯೊಬ್ಬರಿಗೂ ಎರಡು ಪುಟ. ಎಡಕ್ಕೆ ಇಲ್ಲಿನ ದಿನ, ಬಲಕ್ಕೆ ಅಲ್ಲಿನ ದಿನ. ಹೋಗಿ ಒಂದು ವರ್ಷ ಆಗಿದೆ ಅಂತ ಇಟ್ಟುಕೊಂಡು, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ, ಗಂಟೆ ಗಂಟೆಗೆ. ಊಹೆ ಅಲ್ಲ, ಕೇಳಿ ತಿಳಿದುಕೊಂಡದ್ದು ಮಾತ್ರ. ಅತ್ತೆ ಮಾವನದು ಫೋನ್‌ನಲ್ಲಿ ಕೇಳಿ ಬರೆದೆ.

ಇವರ ಪುಟ ಓದುವಾಗ ಹೊಟ್ಟೆ ಹಿಂಡಿತು. ಇಲ್ಲಿನ ಮಂಗಳವಾರ: 7.30ಕ್ಕೆ ಹೊರಡು, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್, 9.15ಕ್ಕೆ ಆಫೀಸು, 7ಕ್ಕೆ ಹೊರಡು, ಮತ್ತೆ ಸಿಲ್ಕ್ ಬೋರ್ಡ್, 9ಕ್ಕೆ ಮನೆ. ಮಗಳ ಹೆಸರು ಆ ಪುಟದಲ್ಲಿ ಎಲ್ಲೂ ಇರಲಿಲ್ಲ. ಬಲಗಡೆ ಪುಟದಲ್ಲಿ ಐದು ಗಂಟೆಗೆ ‘ಮಗಳ ಜೊತೆ’ ಅಂತ ಬರೆದು ಅಡಿಗೆರೆ ಎಳೆದಿದ್ದರು. ಆ ಒಂದು ಗೆರೆಗೆ ನಾನು ಉತ್ತರ ಕೊಡಲಾಗಲಿಲ್ಲ.

ಮಗಳ ಪುಟ ಬಹುಮಟ್ಟಿಗೆ ಬಲಕ್ಕೇ ವಾಲಿತ್ತು. ನಡೆದು ಹೋಗುವ ಸ್ಕೂಲು, ಮಧ್ಯಾಹ್ನದ ಬಿಡುವು, ಆಟ. ಆದರೆ ‘ಸಂಜೆ ಯಾರ ಜೊತೆ’ ಅನ್ನುವ ಕಡೆ ಅವಳೇ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದಳು. ಅತ್ತೆ ಮಾವನ ಎರಡು ಪುಟಗಳಲ್ಲಿ ಬಹಳ ವ್ಯತ್ಯಾಸ ಇರಲಿಲ್ಲ. ಮಂಗಳವಾರ ನಾವು ಹೇಗೂ ಅವರ ಜೊತೆ ಇರುವುದಿಲ್ಲ, ರಾತ್ರಿ ಒಂದು ಫೋನು ಅಷ್ಟೇ. ವ್ಯತ್ಯಾಸ ಇದ್ದದ್ದು ಮೂರನೇ ಶನಿವಾರದಲ್ಲಿ.

ನನ್ನ ಪುಟ ಕೊನೆಗೆ ಬರೆದೆ. ಎಡಗಡೆ ಸುಲಭವಾಗಿ ತುಂಬಿತು. ಒಂಬತ್ತನೇ ಕ್ಲಾಸು, 42 ಮಕ್ಕಳು, ಬಹುಪದೋಕ್ತಿ. ಹತ್ತನೇ ಕ್ಲಾಸಿಗೆ ಸಮರೂಪ ತ್ರಿಭುಜ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯ ಚಿತ್ರಾನ್ನ. ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಉಳಿದು ಲೆಕ್ಕ ಕೇಳುವ ಒಬ್ಬ ಹುಡುಗಿ. ಅವಳ ಅಮ್ಮ ಮನೆಕೆಲಸಕ್ಕೆ ಹೋಗುತ್ತಾರೆ, ಅವಳಿಗೆ ಪಾಲಿಟೆಕ್ನಿಕ್ ಸೇರಬೇಕು. ಬಲಗಡೆ 9ರಿಂದ 12.30 ‘ಭಾಷಾ ತರಗತಿ’ ಅಂತ ಬರೆದೆ. ಅಲ್ಲಿ ಹೊಸಬರಿಗೆ ಕೊಡುವ ಕೋರ್ಸಿನಲ್ಲಿ ಭಾಷೆಗೇ 600 ಪೀರಿಯಡ್. 12.30ಕ್ಕೆ ‘ಅಡುಗೆ’. ಆಮೇಲೆ ಪೆನ್ನು ಹಿಡಿದುಕೊಂಡು ಕೂತೆ. ಕೂತೇ ಇದ್ದೆ.

ಅಲ್ಲಿ ಟೀಚರ್ ಆಗಲು ಸಾಮಾನ್ಯವಾಗಿ ಎರಡು ವಿಷಯ ಓದಿರಬೇಕು, ಭಾಷೆ ಸಿ1 ಅಥವಾ ಅದಕ್ಕೂ ಮೇಲಿನ ಮಟ್ಟದಲ್ಲಿ ಬರಬೇಕು, ನಮ್ಮ ಬಿ.ಎಡ್. ಪದವಿಯನ್ನು ಅವರು ಪರಿಶೀಲಿಸಿ ಒಪ್ಪಬೇಕು, ಏನಾದರೂ ಕಡಿಮೆ ಬಿದ್ದರೆ ಮತ್ತೆ ತರಬೇತಿ. ಎಲ್ಲಾ ಸರಿಹೋದರೂ ನಾಲ್ಕೈದು ವರ್ಷ ಅಂತ ನನ್ನ ಅಂದಾಜು. ಇದೆಲ್ಲ ನಾನು ಮೊದಲೇ ಓದಿದ್ದೆ. ‘ನೋಡಿದರಾಯಿತು’ ಅಂತ ಪಕ್ಕಕ್ಕಿಟ್ಟಿದ್ದೆ. ನಾಲ್ಕು ತಿಂಗಳಿಂದ ಮಗಳ ಬಗ್ಗೆ, ಅತ್ತೆ ಮಾವನ ಬಗ್ಗೆ, ಮನೆ ಸಾಲದ ಬಗ್ಗೆ ಎಲ್ಲರೂ ಕೇಳಿದ್ದರು. ನನ್ನ ಮಧ್ಯಾಹ್ನದ ಬಗ್ಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಖಾಲಿ ಪುಟದ ಮೇಲೆ ಕೊನೆಗೆ ‘4 ಗಂಟೆ: ಮಗಳು ಬರುತ್ತಾಳೆ’ ಅಂತ ಬರೆದೆ. ಕಿಟಕಿ ಹತ್ತಿರ ಕೂತಿದ್ದ ಆ ಹೆಂಗಸು ನೆನಪಾದರು.

ಇವರು ನೋಟ್‌ಬುಕ್ ತೆಗೆದುಕೊಂಡು ಓದಿದರು. ಏನೂ ಹೇಳಲಿಲ್ಲ. ಎದ್ದು ಹಾಲಿನ ಪಾತ್ರೆ ತೊಳೆದರು, ಬೆಳಿಗ್ಗೆಗೆ ಅಕ್ಕಿ ಉದ್ದು ರುಬ್ಬಿಟ್ಟಿದ್ದನ್ನು ಮುಚ್ಚಿಟ್ಟರು. ವಾಪಸ್ ಬಂದು, "ಇದನ್ನ ನಾನು ಕೇಳಬೇಕಿತ್ತು" ಅಂದರು. "ನಿಮ್ಮ ಪುಟಾನ ನಾನು ಮುಂಚೇನೇ ನೋಡಬೇಕಿತ್ತು" ಅಂದೆ. ಆ ರಾತ್ರಿ ಎರಡು ಗಂಟೆವರೆಗೂ ಮಾತಾಡಿದೆವು. ಜಗಳ ಆಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. "ನಾನು ಇನ್ನೂ ಹದಿನೈದು ವರ್ಷ ಸಿಲ್ಕ್ ಬೋರ್ಡ್‌ನಲ್ಲೇ ಇರಬೇಕಾ?" ಅಂತ ಅವರು ಕೇಳಿದಾಗ ಅವರ ದನಿ ನಡುಗುತ್ತಿತ್ತು. ನನ್ನ ದಿನ ಉಳಿಯಲಿ ಅಂದರೆ ಅವರ ದಿನ ಹೀಗೇ ಇರಲಿ ಅಂದಂತೆ. ಅವರ ದಿನ ಸರಿಹೋಗಲಿ ಅಂದರೆ ನನ್ನದು ಖಾಲಿ. ಒಳ್ಳೇ ಜೀವನ ಸಿಗುತ್ತಾ ಅಂತ ನಾಲ್ಕು ತಿಂಗಳು ಕೇಳಿಕೊಂಡಿದ್ದೆವು. ಯಾರಿಗೆ ಅಂತ ಸೇರಿಸಿ ಕೇಳಿದ್ದು ಆ ರಾತ್ರಿಯೇ.

ಇನ್ನೊಂದು ಭಯವೂ ಇತ್ತು. ಆ ಹೊತ್ತಿಗೆ ಜರ್ಮನಿಯ ಕಾರು ಉದ್ಯಮ ಕಷ್ಟದಲ್ಲಿತ್ತು. ಫೋಕ್ಸ್‌ವ್ಯಾಗನ್ 2030ರೊಳಗೆ 35,000ಕ್ಕೂ ಹೆಚ್ಚು ಕೆಲಸ ಕಡಿಮೆ ಮಾಡುವುದಾಗಿ 2024ರ ಡಿಸೆಂಬರ್‌ನಲ್ಲಿ ಕಾರ್ಮಿಕ ಸಂಘದ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಮೊದಲ ಆರು ತಿಂಗಳು ಪರೀಕ್ಷಾ ಅವಧಿ, ಆಗ ಎರಡೇ ವಾರದ ನೋಟಿಸ್ ಕೊಟ್ಟು ಬಿಡಿಸಬಹುದು. ಕೆಲಸ ಹೋದರೆ ಹೊಸದು ಹುಡುಕಲು ಸಿಗುವುದು ಕೆಲವೇ ತಿಂಗಳು. ಇಬ್ಬರೂ ದುಡಿಯುವ ಮನೆಯಾದರೆ ಇದನ್ನು ತಾಳಿಕೊಳ್ಳಬಹುದು. ಒಬ್ಬರ ಸಂಬಳ, ಒಬ್ಬರ ವೀಸಾ ಮೇಲೆ ಮೂವರು ನಿಲ್ಲುವುದು ನನಗೆ ಹೆದರಿಕೆ. ಇದನ್ನು ಇವರೇ ಮೊದಲು ಹೇಳಿದರು.

ಒಂದು ವರ್ಷ ತಡವಾಗಿ ಬರಬಹುದಾ ಅಂತ ಕಂಪನಿಯನ್ನು ಕೇಳಿದರು. ಅಷ್ಟರಲ್ಲಿ ನನಗೆ ಬಿ1 ಆಗಿರುತ್ತೆ, ಪದವಿ ಪರಿಶೀಲನೆಗೂ ಇಲ್ಲಿಂದಲೇ ಅರ್ಜಿ ಹಾಕಬಹುದು. ಮೂರು ತಿಂಗಳಿಗಿಂತ ಜಾಸ್ತಿ ಕಾಯಲಾಗದು ಅಂದರು ಕಂಪನಿಯವರು. ಮೊದಲು ಇವರೊಬ್ಬರೇ ಹೋಗುವುದು ಅನ್ನುವ ಮಾತನ್ನು ಮಗಳೇ ಮುರಿದಳು. "ಅಪ್ಪ ಈಗ್ಲೇ ಸಿಗಲ್ಲ" ಅಂದಳು.

ಜೂನ್ 27ರ ರಾತ್ರಿ ಇವರು ಬೇಡ ಅಂತ ಮೇಲ್ ಬರೆದರು. ಮೂರು ಸಲ ಬರೆದು ಅಳಿಸಿದರು. ಕಳಿಸಿದ ಮೇಲೆ ಬಾಲ್ಕನಿಗೆ ಹೋಗಿ ತುಂಬಾ ಹೊತ್ತು ನಿಂತಿದ್ದರು. ನಾನು ಹತ್ತಿರ ಹೋಗಲಿಲ್ಲ. ಅವರು ಬಿಟ್ಟುಕೊಟ್ಟದ್ದು ಸಣ್ಣದಲ್ಲ ಅಂತ ನನಗೆ ಗೊತ್ತಿತ್ತು.

ಬಂಧುಗಳಲ್ಲಿ ಕೆಲವರು ಬೈದರು. ಮಗಳ ಭವಿಷ್ಯ ಹಾಳು ಮಾಡಿದಿರಿ ಅಂದರು. ಎಂಟು ವರ್ಷಕ್ಕೆ ಹೋದರೆ ಭಾಷೆ ಬರುತ್ತಿತ್ತು, ಹನ್ನೆರಡಕ್ಕೆ ಹೋದರೆ ಕಷ್ಟ ಅಂದರು. ಅದು ಸುಳ್ಳಲ್ಲ. ತಡ ಮಾಡಿದ್ದಕ್ಕೆ ಒಂದು ಬೆಲೆ ಇದೆ, ಅದನ್ನು ಮಗಳು ಕಟ್ಟಬೇಕಾಗಬಹುದು. ಆ ಜೀಬ್ರಾ ಗೆರೆಯ ಮೂವರು ಮಕ್ಕಳು ನನಗೆ ಈಗಲೂ ನೆನಪಾಗುತ್ತಾರೆ.

ಇವರ ಎಡಗಡೆ ಪುಟವನ್ನು ಹಾಗೇ ಬಿಡುವುದಿಲ್ಲ ಅಂತ ಮಾತು ಕೊಟ್ಟುಕೊಂಡಿದ್ದೆವು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಕೇಳಿಕೊಂಡರು, ಒಪ್ಪಿದರು. ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರದವರೆಗೆ ಮೆಟ್ರೊ ಹಳದಿ ಮಾರ್ಗ ಶುರುವಾಯಿತು. ಮೊದಮೊದಲು 25 ನಿಮಿಷಕ್ಕೊಂದು ರೈಲು, ಸಿಕ್ಕಾಪಟ್ಟೆ ರಶ್. ಆದರೂ ಇವರು ಈಗ ಏಳೂವರೆಗೆ ಮನೆಯಲ್ಲಿರುತ್ತಾರೆ. ಮಗಳು ಎಚ್ಚರವಾಗಿರುತ್ತಾಳೆ. ಹಳೇ ಪುಟದ ಮೇಲೆ ಇವರು ‘9ಕ್ಕೆ ಮನೆ’ ಅನ್ನುವುದನ್ನು ಹೊಡೆದು ‘7.30’ ಅಂತ ತಿದ್ದಿದ್ದಾರೆ.

ನನ್ನ ಬಲಗಡೆ ಪುಟದ ಮಧ್ಯಾಹ್ನ ಇನ್ನೂ ಖಾಲಿ ಇದೆ. ಜರ್ಮನ್ ತರಗತಿ ಬಿಟ್ಟಿಲ್ಲ. ಎ2 ಮುಗಿಯಿತು, ಬಿ1 ಪರೀಕ್ಷೆಗೆ ಫೀಸು ಕಟ್ಟಿದ್ದೇನೆ. ಮಾವ ಪ್ರತಿ ಭಾನುವಾರ ಫೋನ್‌ನಲ್ಲಿ ಒಂದು ಜರ್ಮನ್ ಪದ ಕೇಳುತ್ತಾರೆ, ಅದಕ್ಕೊಂದು ಕನ್ನಡ ಪದ ಹುಡುಕಿ ಮುಂದಿನ ವಾರ ಹೇಳುತ್ತಾರೆ. ಹೋದ ವಾರ ಮಗಳು ಹಿಂದಿನಿಂದ ಕೂಗಿದಳು, "ಅಮ್ಮ, ನಲವತ್ತೇಳು ಹೇಳು ನೋಡೋಣ!" ಸೀಬೆನ್-ಉಂಡ್-ಫಿಯರ್‌ಟ್ಸಿಗ್ ಅಂದೆ. ಈ ಸಲ ಬರೆದದ್ದೂ 47.